ಆರು ವರ್ಷದಿಂದ ಸೂಪರ್‌ವೈಸರ್ ತಂತ್ರಾಂಶ: ‘ರನ್ನಿಂಗ್’ ಅಂತ ಕಂಡರೆ ಪಕ್ಕದ ಅಪ್‌ಟೈಮ್ ನೋಡಿ

ಮಾಟುಂಗಾದಲ್ಲಿ ನಮ್ಮ ಉಡುಪಿ ಕಡೆಯವರ ಒಂದು ಕೇಟರಿಂಗ್ ಇದೆ. ಅವರ ಆರ್ಡರ್ ವೆಬ್‌ಸೈಟ್ ನೋಡಿಕೊಳ್ಳೋದು ನಾನು. ಪೈಥಾನ್ ಭಾಷೆಯ ಜ್ಯಾಂಗೋ ಚೌಕಟ್ಟಿನಲ್ಲಿ ಬರೆದದ್ದು. ಮುಂದೆ ಜನರ ರಿಕ್ವೆಸ್ಟ್ ತಗೊಳ್ಳೋಕೆ ಎಂಜಿನ್‌ಎಕ್ಸ್, ಹಿಂದೆ ನಮ್ಮ ಕೋಡ್ ಓಡಿಸೋಕೆ ಗುನಿಕಾರ್ನ್, ಹಿನ್ನೆಲೆಯಲ್ಲಿ ಬಿಲ್ ಮೇಲ್ ಮಾಡೋಕೆ ಸೆಲರಿ. ಎಲ್ಲ 2 ಜಿಬಿಯ ಒಂದೇ ಬಾಡಿಗೆ ಸರ್ವರ್‌ನಲ್ಲಿ. ಗುನಿಕಾರ್ನ್, ಸೆಲರಿ ಬಿದ್ದರೆ ಎತ್ತಿ ನಿಲ್ಲಿಸೋ ಕೆಲಸ 2019ರಿಂದ ಸೂಪರ್‌ವೈಸರ್‌ದು. ಇದೂ ಪೈಥಾನ್‌ನಲ್ಲೇ ಬರೆದ ತಂತ್ರಾಂಶ. ಆ ವರ್ಷ ಏಪ್ರಿಲ್‌ನಲ್ಲಿ ಬಂದ 4.0ರಿಂದ ಪೈಥಾನ್ 3ರಲ್ಲೂ ಓಡುತ್ತದೆ. ಅದಕ್ಕೇ ಆಗ ಧೈರ್ಯವಾಗಿ ಹಾಕಿದ್ದು.

ಹಾಕೋದು ಸುಲಭ. ಹತ್ತು ಸಾಲಿನ ಕಾನ್ಫಿಗ್ ಫೈಲು, ಅಷ್ಟೇ. ಒಂದೇ ಷರತ್ತು: ನಿಮ್ಮ ಪ್ರೋಗ್ರಾಂ ಡೀಮನ್ ಆಗಿ ಹಿನ್ನೆಲೆಗೆ ಜಾರಿಕೊಳ್ಳಬಾರದು, ಸೂಪರ್‌ವೈಸರ್ ಕಣ್ಣೆದುರೇ ಓಡಬೇಕು. ಇನ್ನೊಂದು, ಕಾನ್ಫಿಗ್ ಬದಲಿಸಿ ಸುಮ್ನೆ ರೀಸ್ಟಾರ್ಟ್ ಕೊಟ್ಟರೆ ಹಳೇ ಕಾನ್ಫಿಗ್ಗೇ ಓಡುತ್ತದೆ. ‘ರೀರೀಡ್’ ಕಮಾಂಡ್, ಆಮೇಲೆ ‘ಅಪ್‌ಡೇಟ್’ ಕೊಡಬೇಕು. ಇದನ್ನು ಮರೆತು ಅರ್ಧ ಗಂಟೆ ತಲೆ ಕೆರೆದುಕೊಳ್ಳದವರು ಯಾರೂ ಇರಲಿಕ್ಕಿಲ್ಲ.

ಈಗ ಚೌತಿಯ ಕಥೆ. ಮೂರು ವರ್ಷದ ಹಿಂದಿನದು. ಹಬ್ಬಕ್ಕೆ ಎರಡು ದಿನ ಇರುವಾಗ ಯಜಮಾನರು 21 ಮೋದಕದ ಬಾಕ್ಸಿನ ರೇಟು 420ರಿಂದ 525ಕ್ಕೆ ಏರಿಸಿದರು. ರೇಟನ್ನು ಕೋಡ್‌ನಲ್ಲೇ ಬರೆದಿಟ್ಟಿದ್ದೆ, ನಗಬೇಡಿ. ಬದಲಿಸಿ, ಗುನಿಕಾರ್ನ್ ರೀಸ್ಟಾರ್ಟ್ ಕೊಟ್ಟು, ಸ್ಟೇಟಸ್ ನೋಡಿದೆ. ‘ರನ್ನಿಂಗ್’ ಅಂತಿತ್ತು. ಲ್ಯಾಪ್‌ಟಾಪ್ ಮುಚ್ಚಿ ಡೊಂಬಿವಲಿಗೆ ಸ್ಲೋ ಲೋಕಲ್ ಹತ್ತಿದೆ. ಮುಲುಂಡ್ ದಾಟೋ ಹೊತ್ತಿಗೆ ಫೋನ್ ಬಂತು. “ಎಂತ ಮಾರಾಯ, ರೇಟು ಹಳೇದೇ ತೋರಿಸ್ತಾ ಉಂಟಲ್ಲ! ಜನ ಬುಕ್ ಮಾಡ್ತಾ ಇದ್ದಾರೆ!”

ಠಾಣೆಯಲ್ಲಿ ಇಳಿದು, ಪ್ಲಾಟ್‌ಫಾರ್ಮ್‌ನ ಕಂಬಕ್ಕೆ ಒರಗಿ, ಫೋನ್‌ನಲ್ಲೇ ಎಸ್‌ಎಸ್‌ಎಚ್ ಮಾಡಿ ಸರ್ವರ್ ಒಳಗೆ ಹೋದೆ. ಸ್ಟೇಟಸ್ ಮತ್ತೆ ‘ರನ್ನಿಂಗ್’. ಆದರೆ ಅಪ್‌ಟೈಮ್, ಅಂದರೆ ಎದ್ದು ಎಷ್ಟು ಹೊತ್ತಾಯ್ತು ಅನ್ನೋದು, 3 ಸೆಕೆಂಡ್. ಇನ್ನೊಮ್ಮೆ ನೋಡಿದೆ, 2 ಸೆಕೆಂಡ್. ಓಡೋ ಪ್ರೋಗ್ರಾಂನ ನಂಬರು, ಪಿಐಡಿ, ಪ್ರತಿ ಸಲ ಬೇರೆ.

ಆಗಿದ್ದು ಇಷ್ಟು. ಹಿಂದಿನ ವಾರವಷ್ಟೇ ಗುನಿಕಾರ್ನನ್ನು ಒಂದು ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳ ಫೈಲು) ಒಳಗೆ ಹಾಕಿದ್ದೆ. ರೀಸ್ಟಾರ್ಟ್ ಅಂದಾಗ ಸೂಪರ್‌ವೈಸರ್ ‘ನಿಲ್ಲು’ ಅನ್ನೋ ಟರ್ಮ್ ಸಿಗ್ನಲ್ ಕಳಿಸಿದ್ದು ಆ ಸ್ಕ್ರಿಪ್ಟ್ ಓಡಿಸೋ ಶೆಲ್‌ಗೆ. ಶೆಲ್ ಸತ್ತಿತು, ಅದರ ಮಗ ಗುನಿಕಾರ್ನ್ ಅನಾಥವಾಗಿ, ರಿಕ್ವೆಸ್ಟ್ ಬರೋ ಬಾಗಿಲಾದ 8000 ಪೋರ್ಟ್ ಹಿಡಿದು ಹಳೇ ಕೋಡನ್ನೇ ಬಡಿಸುತ್ತಾ ಕೂತಿತ್ತು. ಹೊಸ ಗುನಿಕಾರ್ನ್‌ಗೆ ಪೋರ್ಟ್ ಇಲ್ಲ. ಅದು ಸೆಕೆಂಡಿಗೊಮ್ಮೆ ಐದು ಸಲ ಕೇಳಿ, ಸಿಗದೆ ಸಾಯುತ್ತಿತ್ತು. ಆದರೆ ಸೂಪರ್‌ವೈಸರ್ ಲೆಕ್ಕದಲ್ಲಿ 1 ಸೆಕೆಂಡ್ ಬದುಕಿದರೆ ‘ಸ್ಟಾರ್ಟ್ ಆಯ್ತು’ ಅಂತ ಅರ್ಥ. ಡೀಫಾಲ್ಟ್ ಅದೇ. ಹಾಗಾಗಿ ಪ್ರತಿ ಸಲವೂ ಪಾಸು, ಮತ್ತೆ ಸಾವು, ಮತ್ತೆ ಹುಟ್ಟು. ಸ್ಟಾರ್ಟ್ ಆಗಲೇ ಇಲ್ಲ ಅನ್ನೋ ‘ಫೇಟಲ್’ ಒಮ್ಮೆಯೂ ಬರಲಿಲ್ಲ.

ಹಳೇದನ್ನು ಹುಡುಕಿ ಕೊಂದೆ, ಹೊಸ ರೇಟು ಬಂತು. ಅಷ್ಟರಲ್ಲಿ 34 ಬಾಕ್ಸ್ ಹಳೇ ರೇಟಿಗೆ ಹೋಗಿತ್ತು. 3,570 ರೂಪಾಯಿ. ಯಜಮಾನರು ಏನೂ ಅನ್ನಲಿಲ್ಲ, ಆದರೆ ಆ ವರ್ಷ ನಮ್ಮ ಮನೆಗೆ ಮೋದಕವೂ ಬರಲಿಲ್ಲ.

ರಾತ್ರಿಯೇ ಮೂರು ಬದಲಾವಣೆ ಮಾಡಿದೆ. ಸ್ಕ್ರಿಪ್ಟ್‌ನಲ್ಲಿ ಗುನಿಕಾರ್ನ್ ಸಾಲಿನ ಮುಂದೆ ‘ಎಕ್ಸೆಕ್’ ಸೇರಿಸಿದೆ, ಹಾಗಾದರೆ ಶೆಲ್ ಜಾಗಕ್ಕೆ ಗುನಿಕಾರ್ನೇ ಬಂದು ಕೂರುತ್ತದೆ. ಸಿಗ್ನಲ್ ಮಕ್ಕಳೂ ಸೇರಿ ಇಡೀ ಗುಂಪಿಗೆ ಹೋಗೋ ಹಾಗೆ ಮಾಡಿದೆ. ಆ 1 ಸೆಕೆಂಡನ್ನು 10 ಮಾಡಿದೆ. ಈ ಮೂರನೇದು ಡೀಫಾಲ್ಟ್ ಆಗಿಯೇ ಜಾಸ್ತಿ ಇರಬೇಕಿತ್ತು ಅಂತ ಇವತ್ತಿಗೂ ನನ್ನ ತಕರಾರು.

ನಿಲ್ಲಿಸೋವಾಗಲೂ ಸೂಪರ್‌ವೈಸರ್‌ಗೆ ಅಂಥದ್ದೇ ಆತುರ. ಟರ್ಮ್ ಕಳಿಸಿ 10 ಸೆಕೆಂಡ್ ಕಾಯುತ್ತದೆ, ಆಮೇಲೆ ಕಿಲ್, ಅಂದರೆ ಬಲವಂತದ ಸಾವು. ಗುನಿಕಾರ್ನ್ ಕೈಯಲ್ಲಿರೋ ರಿಕ್ವೆಸ್ಟ್ ಮುಗಿಸೋಕೆ 30 ಸೆಕೆಂಡ್ ಇಟ್ಟುಕೊಂಡಿರುತ್ತದೆ, ಸೆಲರಿಗೆ ಇನ್ನೂ ಜಾಸ್ತಿ ಬೇಕು. ಬಿಲ್ ಮೇಲ್ ನಡುವೆ ಕಡಿದುಹೋದ ಮೇಲೆ ನಾನು ಆ 10 ಸೆಕೆಂಡನ್ನು 120 ಮಾಡಿದ್ದೇನೆ.

ಸರ್ವರ್ ರೀಬೂಟ್ ಆದಾಗ ಡೇಟಾಬೇಸ್ ಆದ ಮೈಎಸ್‌ಕ್ಯುಎಲ್ ಏಳೋದು ತಡವಾದರೆ ನಮ್ಮ ಆ್ಯಪ್ ಮೂರು ಮರುಪ್ರಯತ್ನ ಮುಗಿಸಿ ‘ಫೇಟಲ್’ ಆಗುತ್ತದೆ, ಮತ್ತೆ ತಾನಾಗಿ ಏಳೋದಿಲ್ಲ. ಆ ಸಂಖ್ಯೆಯನ್ನೂ ಏರಿಸಿಡಿ. 9001 ಪೋರ್ಟ್‌ನಲ್ಲಿರೋ ಸೂಪರ್‌ವೈಸರ್‌ನ ವೆಬ್ ಪುಟವನ್ನು ಹೊರಗೆ ತೆರೆಯಲೇಬೇಡಿ. 2017ರಲ್ಲಿ ಅಲ್ಲಿ ಭದ್ರತೆಯ ದೊಡ್ಡ ತೂತು ಸಿಕ್ಕಿತ್ತು, ಮುಚ್ಚಿದ್ದಾರೆ, ಆದರೂ.

ಹಾಗಾದರೆ ಇದೇ ಕೆಲಸ ಮಾಡೋ, ಲಿನಕ್ಸ್ ಜೊತೆಗೇ ಬರೋ ಸಿಸ್ಟಮ್‌ಡಿ ಯಾಕೆ ಬೇಡ? ಉಬುಂಟುವಿನಲ್ಲಿ 2015ರಿಂದ ಅದೇ ಇದೆ. ಸೂಪರ್‌ವೈಸರನ್ನು ಎಬ್ಬಿಸೋದೂ ಅದೇ. ಮೆಮೊರಿ ಮಿತಿ ಹಾಕಬಹುದು, ‘ಇದಾದ ಮೇಲೆ ಅದು’ ಅನ್ನಬಹುದು. ಸೂಪರ್‌ವೈಸರ್‌ನಲ್ಲಿ ಮೆಮೊರಿ ಮೇಲೆ ಕಣ್ಣಿಡೋಕೆ ಬೇರೆ ಪ್ಲಗಿನ್ ಬೇಕು. ಪುಣೆಯ ಒಂದು ಅಂಗಡಿಯ ಹೊಸ ಕೆಲಸವನ್ನು ನಾನೂ ಸಿಸ್ಟಮ್‌ಡಿಯಲ್ಲೇ ಹಾಕಿದೆ. ಮಾಟುಂಗಾದ್ದು ಬದಲಿಸದ ಕಾರಣ ಒಂದೇ. ಅಲ್ಲಿ ಬಿಲ್ಲಿಂಗ್ ನೋಡೋ ಹುಡುಗನಿಗೆ ಸೂಪರ್‌ವೈಸರ್ ಜೊತೆ ಮಾತಾಡೋ ಸಾಕೆಟ್ ಫೈಲಿನ ಗ್ರೂಪ್ ಪರ್ಮಿಷನ್ ಕೊಟ್ಟಿದ್ದೇನೆ, ಸುಡೋ (ಸರ್ವರ್‌ನ ಪೂರ್ತಿ ಅಧಿಕಾರ) ಕೊಟ್ಟಿಲ್ಲ. ಸ್ಟೇಟಸ್ ನೋಡ್ತಾನೆ, ಬೇಕಾದರೆ ರೀಸ್ಟಾರ್ಟ್ ಮಾಡ್ತಾನೆ, ನನಗೆ ಫೋನ್ ಮಾಡೋದಿಲ್ಲ.

ಸೂಪರ್‌ವೈಸರ್‌ಗೆ ಐದಕ್ಕೆ ನಾಲ್ಕು ಸ್ಟಾರ್. ಇವತ್ತು ಬೆಳಗ್ಗೆ ಆ ಹುಡುಗ ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ‘ರನ್ನಿಂಗ್’ ಪಕ್ಕ 143 ದಿನ ಅಂತಿತ್ತು. ಅಷ್ಟು ದಿನದಿಂದ ಕೋಡ್ ಮುಟ್ಟಿಲ್ಲ ಅಂತಲೂ ಅದರ ಅರ್ಥ. ಚೌತಿಗೆ ಮತ್ತೆ ರೇಟು ಏರಿಸ್ತಾರಂತೆ.