ಅಂಬಾಸಿಡರ್‌ಗೆ ಯಾವ ಇಗ್ನಿಷನ್ ಹೊಂದುತ್ತದೆ? ಒಂದೇ ಗಾಡಿಯಲ್ಲಿ ಮೂರು ವ್ಯವಸ್ಥೆಗಳ ಹೋಲಿಕೆ

ನಮ್ಮ ಮನೆಯ 1489 ಸಿಸಿ ಪೆಟ್ರೋಲ್ ಅಂಬಾಸಿಡರ್ ಬೆಳಗಾವಿಯ ಮಳೆಗಾಲದ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುತ್ತಿರಲಿಲ್ಲ, ವಿಜಯಪುರದ ಬಿಸಿಲಿನಲ್ಲಿ ಎಂಜಿನ್ ಕಾದ ಮೇಲೆ ಮಿಸ್ಸಿಂಗ್ ಹೊಡೆಯುತ್ತಿತ್ತು, ಏರುರಸ್ತೆಯಲ್ಲಿ ಪಿಕಪ್ ಇರಲಿಲ್ಲ. ಇವುಗಳಿಗೆ ಪರಿಹಾರವೆಂದು ಹೇಳಲಾಗುವ ಮೂರು ಇಗ್ನಿಷನ್ (ಪೆಟ್ರೋಲ್ ಹೊತ್ತಿಸುವ ಕಿಡಿ ಕೊಡುವ) ವ್ಯವಸ್ಥೆಗಳನ್ನು, ಅಂದರೆ ಹಳೆಯ ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿಯುವ ಸಣ್ಣ ಸ್ವಿಚ್) ಮತ್ತು ಕಂಡೆನ್ಸರ್, ಪಾಯಿಂಟನ್ನೇ ತೆಗೆದುಹಾಕುವ ಎಲೆಕ್ಟ್ರಾನಿಕ್ ಮಾಡ್ಯೂಲ್, ಹಾಗೂ ಪಾಯಿಂಟನ್ನು ಉಳಿಸಿಕೊಂಡು ಅದರ ಹೊರೆಯನ್ನು ಮಾತ್ರ ಇಳಿಸುವ ಟ್ರಾನ್ಸಿಸ್ಟರ್ ಪೆಟ್ಟಿಗೆ, ಇವನ್ನು ಒಂದಾದ ಮೇಲೊಂದರಂತೆ ಅದೇ ಗಾಡಿಗೆ ಹಾಕಿ ಓಡಿಸಿದ್ದೇನೆ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಬದಲಾಯಿಸಲಿಲ್ಲ, ಪ್ಲಗ್ ಗ್ಯಾಪನ್ನು ಮೂರಕ್ಕೂ 0.025 ಇಂಚಿಗೇ ಇಟ್ಟೆ.

ಹೋಲಿಕೆಗೆ ಮೊದಲು, ಕಿಡಿಯನ್ನು ಸರದಿಯಂತೆ ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಶಾಫ್ಟನ್ನು ಅಲುಗದಂತೆ ಹಿಡಿಯುವ ಬುಷ್ ನೋಡಲೇಬೇಕು. ರೋಟರ್ ತೆಗೆದು ಶಾಫ್ಟನ್ನು ಬೆರಳಿನಿಂದ ಅಡ್ಡಡ್ಡ ದೂಡಿದಾಗ ಪಾಯಿಂಟ್ ಗ್ಯಾಪ್ ಕಣ್ಣಿಗೆ ಕಾಣುವಷ್ಟು ಹೆಚ್ಚುಕಡಿಮೆಯಾದರೆ, ನಾಲ್ಕು ಸಿಲಿಂಡರ್‌ಗಳ ಕಿಡಿ ನಾಲ್ಕು ಬೇರೆ ಬೇರೆ ಡಿಗ್ರಿಗಳಲ್ಲಿ ಬೀಳುತ್ತಿದೆ ಎಂದೇ ಅರ್ಥ. ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿಯ 1 ಡಿಗ್ರಿ ತಪ್ಪು ಕ್ರ್ಯಾಂಕಿನಲ್ಲಿ (ಎಂಜಿನ್ನಿನ ಮುಖ್ಯ ಶಾಫ್ಟಿನಲ್ಲಿ) 2 ಡಿಗ್ರಿಯಾಗುತ್ತದೆ. ಬೆಳಗಾವಿಯ ಉದ್ಯಮಬಾಗದ ಲೇತ್ ಅಂಗಡಿಯೊಂದರಲ್ಲಿ ಹೊಸ ಬುಷ್ ತಿರುಗಿಸಿ ಕೂಡಿಸಿದ ಮೇಲೆ, ಇನ್ನೇನನ್ನೂ ಬದಲಿಸದೆಯೇ ಐಡಲ್ (ಎಂಜಿನ್ ನಿಂತಲ್ಲೇ ಓಡುವ ಹದ) ಅರ್ಧಕ್ಕರ್ಧ ಸುಧಾರಿಸಿತು. ಎಲೆಕ್ಟ್ರಾನಿಕ್ ಹಾಕಿಸಿ ಗಾಡಿ ಹೊಸದಾಯಿತೆಂದು ಹೊಗಳುವವರಲ್ಲಿ ಹಲವರಿಗೆ ನಿಜವಾಗಿ ಬೇಕಾಗಿದ್ದದ್ದು ಈ ಬುಷ್ ಎಂಬುದು ನನ್ನ ಅನುಮಾನ.

ಪಾಯಿಂಟ್ ವ್ಯವಸ್ಥೆಗೆ ಸಿಗುವ ಬೈಗುಳದಲ್ಲಿ ಹೆಚ್ಚಿನ ಪಾಲು ಕಂಡೆನ್ಸರ್‌ಗೆ ಸಲ್ಲಬೇಕಾದದ್ದು. 3 ಓಮ್‌ನ ಕಾಯಿಲ್ ಇದ್ದರೆ 12 ವೋಲ್ಟಿಗೆ ಸುಮಾರು 4 ಆಂಪಿಯರ್ ಪಾಯಿಂಟಿನ ಮೂಲಕವೇ ಹರಿಯುತ್ತದೆ. ಪಾಯಿಂಟ್ ಬಿಚ್ಚಿಕೊಳ್ಳುವ ಕ್ಷಣದಲ್ಲಿ ಆ ಕರೆಂಟ್ ಅಲ್ಲೇ ಹಾರದಂತೆ ತಡೆಯುವುದು ಕಂಡೆನ್ಸರ್. ಈಗ ಅಗ್ಗಕ್ಕೆ ಸಿಗುವ ಕಂಡೆನ್ಸರ್‌ಗಳಲ್ಲಿ ಕೆಲವು ತಣ್ಣಗಿರುವಾಗ ಚೆನ್ನಾಗಿದ್ದು ಎಂಜಿನ್ ಕಾದ ಮೇಲೆ ಕೈಕೊಡುತ್ತವೆ. ಅಂಥದ್ದರಲ್ಲಿ ಕ್ಯಾಪ್ ಬಿಚ್ಚಿ ಸೆಲ್ಫ್ ಹೊಡೆಸಿದರೆ ಪಾಯಿಂಟಿನ ನಡುವೆ ದಪ್ಪನೆಯ ಬಿಳಿ ನೀಲಿ ಕಿಡಿ ಕಾಣುತ್ತದೆ, ಪ್ಲಗ್ಗಿನಲ್ಲಿ ಮಾತ್ರ ತೆಳ್ಳಗಿನ ಹಳದಿ ಕಿಡಿ ಬರುತ್ತದೆ. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಅದಕ್ಕೆ ಸರಿಹೊಂದುವ ಮೊಟಕು ಗುಬಟೆ ಎದ್ದಿರುವುದೂ ಇದರದೇ ಗುರುತು. ಒಳ್ಳೆಯ ಕಂಡೆನ್ಸರ್ ಹಾಕಿ ಗ್ಯಾಪನ್ನು 0.015 ಇಂಚಿಗೆ ಕೂಡಿಸಿದ ಮೇಲೆ ಬಾಗಲಕೋಟೆಯ ದಾರಿಯಲ್ಲಿ ಮಧ್ಯಾಹ್ನವೂ ಮಿಸ್ಸಿಂಗ್ ಬರಲಿಲ್ಲ. ಉಳಿದ ದೋಷ ಒಂದೇ: ಶಾಫ್ಟಿನ ಉಬ್ಬಾದ ಕ್ಯಾಮ್‌ಗೆ ಉಜ್ಜುವ ಪಾಯಿಂಟಿನ ಫೈಬರ್ ಸವೆದಂತೆ ಗ್ಯಾಪ್ ಕಿರಿದಾಗಿ ಟೈಮಿಂಗ್ (ಕಿಡಿ ಬೀಳುವ ಹೊತ್ತು) ತಾನಾಗಿಯೇ ಹಿಂದೆ ಸರಿಯುತ್ತದೆ. ಆದ್ದರಿಂದ ಯಾವಾಗಲೂ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಪೂರ್ಣ ಎಲೆಕ್ಟ್ರಾನಿಕ್ ಮಾಡ್ಯೂಲಿನ ಸುಖ ಮೊದಲ ಬೆಳಿಗ್ಗೆಯೇ ತಿಳಿಯುತ್ತದೆ. 3,000 ಆರ್‌ಪಿಎಂನಲ್ಲಿ ಈ ಎಂಜಿನ್ನಿಗೆ ಸೆಕೆಂಡಿಗೆ 100 ಕಿಡಿ ಬೇಕು. ಅಷ್ಟು ವೇಗದಲ್ಲಿಯೂ ಅದು ಒಂದೇ ಹದದಲ್ಲಿ ಓಡಿತು, ಉಜ್ಜುವ ಭಾಗವಿಲ್ಲದ ಕಾರಣ ಟೈಮಿಂಗ್ ಇಟ್ಟಲ್ಲೇ ನಿಂತಿತು. ಆದರೆ ಅದರ ಷರತ್ತುಗಳು ಹಲವು. ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸಿದ್ದು) ಇರುವ ಬಹಳ ಹಳೆಯ ಗಾಡಿಗೆ ಸಾಮಾನ್ಯ ಮಾಡ್ಯೂಲ್ ನಡೆಯದು, ವೈರ್ ಅದಲುಬದಲಾದರೆ ಸುಟ್ಟೇ ಹೋಗುತ್ತದೆ. ಎಂಜಿನ್ ನಿಲ್ಲಿಸಿ ಚಾವಿಯನ್ನು ಆನ್‌ನಲ್ಲೇ ಬಿಟ್ಟು ಹರಟುತ್ತ ಕೂಡುವವರಿಗೆ ಇದು ಹೇಳಿಸಿದ್ದಲ್ಲ. ತಾಮ್ರದ ತಂತಿಯ ಪ್ಲಗ್ ವೈರುಗಳಿದ್ದರೆ ಅದರ ಲೆಕ್ಕ ತಪ್ಪುವುದರಿಂದ ಕಾರ್ಬನ್ ವೈರುಗಳನ್ನು ಹಾಕಬೇಕಾಯಿತು. ಮೂರರಲ್ಲಿ ಇದೊಂದಕ್ಕೆ ಮಾತ್ರ ನಾನು ಬೇರೆ ಸಾಮಾನು ಬಳಸಿದೆ. ನಮ್ಮ ಹಿರಿಯ ಮೇಸ್ತ್ರಿ ಅದನ್ನು ಕೂಡಿಸುವಾಗಲೇ, "ಸರ್, ಪಾಯಿಂಟ್ ಆದ್ರ ದಾರ್ಯಾಗ ಕೂತು ಸರಿ ಮಾಡಾಕ ಬರ್ತೈತ್ರಿ, ಇದು ಸತ್ರ ಟೋಚನ್ನ ಗತಿ" ಎಂದಿದ್ದರು; ಟೋಚನ್ ಎಂದರೆ ಇನ್ನೊಂದು ಗಾಡಿಗೆ ಕಟ್ಟಿ ಎಳೆಸುವುದು. ಸಾಯುವ ಮೊದಲು ಪಾಯಿಂಟ್ ಕೊಡುವಂಥ ಮುನ್ಸೂಚನೆಯನ್ನು ಮಾಡ್ಯೂಲ್ ಕೊಡುವುದಿಲ್ಲ ಎಂಬುದು ನಿಜವೇ.

ಮೂರನೆಯದನ್ನು ನಮ್ಮ ಕಡೆ ಹೆಚ್ಚು ಜನ ಕೇಳಿಲ್ಲ. ಇದರಲ್ಲಿ ಪಾಯಿಂಟ್ ಬರೀ ಸೂಚನೆ ಕೊಡುತ್ತದೆ, ಕಾಯಿಲಿನ ಭಾರೀ ಕರೆಂಟನ್ನು ಟ್ರಾನ್ಸಿಸ್ಟರ್ ಕಡಿಯುತ್ತದೆ; ಹೀಗಾಗಿ ಪಾಯಿಂಟ್ ಸುಡುವ ಮಾತೇ ಇಲ್ಲ. ಫೈಬರ್ ಸವೆತ ತಪ್ಪುವುದಿಲ್ಲ, ಕ್ಯಾಮ್‌ಗೆ ಸ್ವಲ್ಪ ಗ್ರೀಸ್ ಹಚ್ಚುತ್ತಿರಬೇಕು. ಪೆಟ್ಟಿಗೆ ಕೆಟ್ಟರೆ ವೈರುಗಳನ್ನು ಮೊದಲಿನಂತೆ ಜೋಡಿಸಿ, ಕಂಡೆನ್ಸರನ್ನು ಮರಳಿ ಕೊಟ್ಟು ಹೊರಡಬಹುದು. ಊರೊಳಗೆ ಮಾತ್ರ ಓಡಾಡುವ, ಬಾನೆಟ್ ತೆರೆಯಲು ಇಷ್ಟವಿಲ್ಲದವರಿಗೆ ಪೂರ್ಣ ಎಲೆಕ್ಟ್ರಾನಿಕ್ಕನ್ನೇ ಹೇಳುತ್ತೇನೆ. ಯರಗಟ್ಟಿ, ಲೋಕಾಪುರದ ಮಾರ್ಗವಾಗಿ ಬಾಗಲಕೋಟೆ, ವಿಜಯಪುರಕ್ಕೆ ಹೋಗಿಬರುವ ನನ್ನ ಗಾಡಿಯಲ್ಲಿ ಈಗ ಇರುವುದು ಈ ಮೂರನೆಯದು.

ಟೈಮಿಂಗ್ ಕೂಡಿಸುವ ವಿಧಾನದಲ್ಲಿಯೂ ಇವು ಬೇರೆಯಾಗುತ್ತವೆ. ಹಳೆಯ ಪಾಯಿಂಟಿಗೆ 12 ವೋಲ್ಟಿನ ಬಲ್ಬ್ ಸಾಕು: ಅದನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ತುದಿಗೂ ಬಾಡಿಗೂ ಜೋಡಿಸಿ ಎಂಜಿನ್ನನ್ನು ಕೈಯಿಂದ ತಿರುಗಿಸಿದರೆ, ಪಾಯಿಂಟ್ ಬಿಡುವ ಕ್ಷಣಕ್ಕೆ ಸರಿಯಾಗಿ ಬಲ್ಬ್ ಹತ್ತುತ್ತದೆ. ಮಾಡ್ಯೂಲ್ ಹಾಕಿದ ಗಾಡಿಗೆ ಈ ವಿಧಾನವನ್ನು ನಂಬದೆ ಟೈಮಿಂಗ್ ಲೈಟನ್ನೇ (ಕಿಡಿ ಬಿದ್ದಾಗಲೆಲ್ಲ ಮಿಂಚಿ ಎಂಜಿನ್ ಪುಲ್ಲಿಯ ಮೇಲಿನ ಗುರುತನ್ನು ತೋರಿಸುವ ದೀಪ) ಹಿಡಿಯಬೇಕು. ಲೈಟಿಗೆ ಇನ್ನೊಂದು ಗುಣವಿದೆ: ವ್ಯಾಕ್ಯೂಮ್ ಪೈಪ್ ಕಿತ್ತು ರೇಸ್ ಕೊಟ್ಟಾಗ ಗುರುತು ಮೆಲ್ಲಗೆ ಮುಂದೆ ಸರಿಯದಿದ್ದರೆ ವೇಗ ಹೆಚ್ಚಿದಂತೆ ಟೈಮಿಂಗನ್ನು ಮುಂದೆ ಸರಿಸುವ, ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ತುಕ್ಕಿನಿಂದ ಹಿಡಿದುಕೊಂಡಿವೆ ಎಂದು ಅದು ತೋರಿಸಿಕೊಡುತ್ತದೆ. ಏರಿನಲ್ಲಿ ಪಿಕಪ್ ಇಲ್ಲದ ನನ್ನ ದೂರಿಗೆ ಉತ್ತರ ಸಿಕ್ಕಿದ್ದು ಅಲ್ಲಿಯೇ. ಕಿವಿಯಿಂದಲೇ ಟೈಮಿಂಗ್ ಕೂಡಿಸುವವರ ಕೈಗುಣವನ್ನು ಅಲ್ಲಗಳೆಯುವುದಿಲ್ಲ, ಆದರೆ ಅವರು ಕೇಳುವುದು ಐಡಲ್ಲನ್ನು ಮಾತ್ರ.

ಬಿಸಿಲಿನಲ್ಲಿ ಗಾಡಿ ನಿಂತಾಗ ಇಗ್ನಿಷನ್ನನ್ನು ದೂರುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಕಾಯಿಲಿನ ದಪ್ಪ ವೈರನ್ನು, ಪೆಟ್ರೋಲ್ ಇರುವ ಕಡೆಯಿಂದ ದೂರದಲ್ಲಿ, ರಬ್ಬರ್ ಹಿಡಿಯ ಇಕ್ಕಳದಿಂದ ಬ್ಲಾಕಿನ ಹತ್ತಿರ ಹಿಡಿದು ಸೆಲ್ಫ್ ಹೊಡೆಸಿದಾಗ ಚಟ್ ಚಟ್ ಎಂದು ನೀಲಿ ಕಿಡಿ ಹಾರಿದರೆ ಹೆಚ್ಚಾಗಿ ತೊಂದರೆ ಇರುವುದು ಪೆಟ್ರೋಲ್ ಪೈಪಿನಲ್ಲಿ ಕಟ್ಟಿಕೊಂಡ ಆವಿಯಲ್ಲಿ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಗಾಡಿ ಎದ್ದು ಹೊರಡುತ್ತದೆ. ಈ ದೂರನ್ನು ಮೂರರಲ್ಲಿ ಯಾವ ಇಗ್ನಿಷನ್ನೂ ಕಡಿಮೆ ಮಾಡಲಿಲ್ಲ.