ಮ್ಯಾಪ್ ತೋರಿಸಿದ ರಸ್ತೆ ಹಿನ್ನೀರಿಗೆ ಇಳಿದಿತ್ತು

ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆ ಹೋಂಸ್ಟೇ ಬುಕ್ ಮಾಡಿಕೊಂಡು ಸ್ವಂತ ಕಾರಲ್ಲಿ ಹೊರಟವರಿದ್ದರೆ ಇದನ್ನು ಓದಿಕೊಂಡು ಹೋಗಿ. ಕಳೆದ ದಸರಾ ರಜೆಯಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು, ನಮ್ಮತ್ತೆ ಎರಡು ದಿನಕ್ಕೆಂದು ಶಿವಮೊಗ್ಗದಿಂದ ಹೊರಟಿದ್ದೆವು.

ಜೋಗದಲ್ಲೇ ತಡವಾಯಿತು. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಂಜಿನ ಹಿಂದೆ. 830 ಅಡಿ ಎಂದು ನಾನು ಹೇಳುತ್ತಿದ್ದರೆ ಮಕ್ಕಳು ಬಿಳಿ ಗೋಡೆ ನೋಡಿ ನಗುತ್ತಿದ್ದರು. ಎರಡು ಗಂಟೆ ಕಾದಿದ್ದಕ್ಕೆ ಐದು ನಿಮಿಷ ತೆರೆಯಿತು. ಇಕ್ಕೇರಿ ದೇವಸ್ಥಾನ ನೋಡಿ ಹಿನ್ನೀರಿನ ಈಚೆ ದಡದ ಅಂಬಾರಗೋಡ್ಲು ಮುಟ್ಟುವಾಗ ಕತ್ತಲು. ಮುಂಚೆ ದಾಟಲು ಲಾಂಚ್ ಒಂದೇ ಇದ್ದಾಗ ಇಷ್ಟು ಹೊತ್ತಾದರೆ ಈಚೆ ದಡದಲ್ಲೇ ಉಳಿಯಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಆಯಿತಲ್ಲ, ಯಾವಾಗ ಬೇಕಾದರೂ ದಾಟಬಹುದು ಅಂತ ನಮಗೆ ಧೈರ್ಯ ಜಾಸ್ತಿ.

ಹೋಂಸ್ಟೇಯವರು ಪಿನ್ ಕಳಿಸಿ, "ಮ್ಯಾಪ್ ಹಾಕ್ಕೊಂಡು ಬನ್ನಿ ಸಾರ್, ಮನೆ ಬಾಗಿಲಿಗೇ ಬರುತ್ತೆ" ಎಂದಿದ್ದರು. ಸೇತುವೆ ದಾಟಿ ಸ್ವಲ್ಪ ದೂರಕ್ಕೆ ಮ್ಯಾಪ್ ಎಡಕ್ಕೆ ತಿರುಗಿಸಿತು. ಡಾಂಬರು ಮುಗಿದು ಮಣ್ಣು, ಆಮೇಲೆ ನಡುವೆ ಹುಲ್ಲು ಬೆಳೆದ ದಾರಿ. ಆಗಲೇ ವಾಪಸ್ ಬರಬೇಕಿತ್ತು. ಆದರೆ ಇನ್ನು ಎರಡೇ ನಿಮಿಷ ಎಂದು ತೋರಿಸುತ್ತಿತ್ತು. ಎದುರಿಗೆ ದೀಪವೂ ಕಾಣುತ್ತಿತ್ತು.

ಮುಂದೆ ರಸ್ತೆ ಹೊಳೆಯುತ್ತಿತ್ತು. ಮಳೆ ನೀರು ನಿಂತಿರಬೇಕು, ದಾಟಿಸೋಣ ಎಂದು ಗೇರ್ ಇಳಿಸಿದೆ. ಹಿಂದಿನ ಸೀಟಿನಿಂದ ಅತ್ತೆ, "ಅಳಿಯಂದ್ರೇ, ನಿಲ್ಸಿ ನಿಲ್ಸಿ! ಅಲ್ಲಿ ನೀರೊಳಗೆ ಮರದ ಬೊಡ್ಡೆ ಕಾಣ್ತಿದೆ" ಎಂದು ಕೂಗಿದರು. ಬ್ರೇಕ್ ಹಾಕಿದೆ. ಮುಂದಿನ ಎರಡು ಚಕ್ರ ಅಷ್ಟರಲ್ಲೇ ಕೆಸರಿನಲ್ಲಿ. ಹಿಂದೆ ತೆಗೆಯಲು ಹೋದಷ್ಟೂ ಹೂತುಕೊಂಡಿತು. ಏನಾಯಿತು ಎಂದು ನೋಡಲು ಇಳಿದ ದೊಡ್ಡ ಮಗನ ಕಾಲು ಮೊಣಕಾಲಿನವರೆಗೆ ಹೋಯಿತು. ಎಳೆದು ತೆಗೆದಾಗ ಚಪ್ಪಲಿ ಬರಲಿಲ್ಲ. ಇಂಬಳ (ಜಿಗಣೆ) ಮಾತ್ರ ಬಂತು.

ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ. ಅವರನ್ನೆಲ್ಲ ಕಾರಿನಿಂದ ಇಳಿಸಿ ಮೇಲಿನ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಟಾರ್ಚ್ ಹಿಡಿದು ಬಂದ ದಾರಿಯಲ್ಲೇ ನಡೆದೆ. ಅರ್ಧ ಗಂಟೆಗೆ ಒಂದು ಮನೆ. ಆ ಯಜಮಾನರು ನನ್ನ ಪ್ಯಾಂಟ್ ನೋಡಿಯೇ, "ಎಂತ ಮಾರಾಯ್ರೆ, ನೀವೂ ಮ್ಯಾಪ್ ನೋಡ್ಕಂಡು ಬಂದ್ರಾ?" ಎಂದರು. ಆ 'ನೀವೂ' ಕೇಳಿ ನನಗೆ ಸಿಟ್ಟು ಬಂತು, ಅವರ ಮೇಲಲ್ಲ. ತಮ್ಮ ಮಗನನ್ನು ಕರೆದುಕೊಂಡು ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದರು. ದುಡ್ಡು ಬೇಡವೆಂದರು. ಡೀಸೆಲ್‌ಗೆ ಅಂತ ಒತ್ತಾಯ ಮಾಡಿ ಕೊಟ್ಟೆ.

ಅವರು ಹೇಳಿದ ಮೇಲೆ ಅರ್ಥವಾಯಿತು. ಅದು ಅವರಜ್ಜನ ಕಾಲದ ರಸ್ತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದಾಗ ಶರಾವತಿ ನೀರು ಕಣಿವೆ ಕಣಿವೆಗೂ ನುಗ್ಗಿ ಊರು, ಗದ್ದೆ, ರಸ್ತೆ ಎಲ್ಲ ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದರೆ ಇಂಥ ಹಳೇ ರಸ್ತೆಗಳು ಮೇಲೇಳುತ್ತವೆ. ಆಗ ಮುಳುಗಿದ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೆ ಪೂರ್ತಿ ಎದ್ದು ನಿಲ್ಲುವುದೂ ಆಗಲೇ. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಎಲ್ಲ ನೀರಡಿ. ದಡದ ಮಣ್ಣು ಮೇಲೆ ಹಸಿರು ಹುಲ್ಲು, ಒಳಗೆ ಬರೀ ಕೆಸರು. ಹಗಲಲ್ಲೂ ಮಕ್ಕಳನ್ನು ಅಲ್ಲಿ ಇಳಿಯಲು ಬಿಡಬೇಡಿ.

ಹಾಗಾಗಿ ಪಿನ್ ಒಂದನ್ನೇ ನಂಬಬೇಡಿ. ಯಾವ ಊರಿನ ಮೇಲೆ ಬರಬೇಕು, ಕೊನೆಗೆ ಸಿಗುವ ಅಂಗಡಿ ಯಾವುದು ಅಂತ ಫೋನಿನಲ್ಲೇ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ, ಸಾಗರ ಬಿಡುವ ಮೊದಲೇ. ಐದು ಗಂಟೆಯೊಳಗೆ ಮುಟ್ಟುವ ಹಾಗೆ ಹೊರಡಿ. ಜೋಗ ಬೇಕಾದರೆ ಮರುದಿನ ನೋಡಬಹುದು, ಅದೆಲ್ಲಿಗೂ ಹೋಗಲ್ಲ.

ನಾವು ಕಂಡ ದೀಪ ಅದೇ ಹೋಂಸ್ಟೇಯದ್ದಂತೆ, ನೀರಿನ ಆಚೆ ದಡದಲ್ಲಿ. ರಸ್ತೆಯಲ್ಲಿ ಸುತ್ತಿದರೆ 14 ಕಿಲೋಮೀಟರ್. ಅತ್ತೆಗೆ ಆ ಕತ್ತಲಲ್ಲಿ ಇನ್ನೊಂದು ಸುತ್ತು ಬೇಡವಾಗಿತ್ತು. ಸಾಗರಕ್ಕೆ ವಾಪಸ್ ಬಂದು ಲಾಡ್ಜ್ ಹಿಡಿದಾಗ ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಹೋಂಸ್ಟೇಯವರಿಗೆ ಫೋನ್ ಮಾಡಿ ಅಡ್ವಾನ್ಸ್ ನಾಲ್ಕು ಸಾವಿರ ವಾಪಸ್ ಕೇಳಿದರೆ, "ಪಿನ್ ಸರಿಯಾಗೇ ಇದೆಯಲ್ಲ ಸಾರ್, ನೀವೇ ಬರಲಿಲ್ಲ" ಎಂದರು. ನಿನ್ನೆ ನೋಡಿದೆ, ಅವರ ಪುಟದಲ್ಲಿ ಇನ್ನೂ ಅದೇ ಪಿನ್ ಇದೆ.