ಕಲಬುರಗಿ, ಬೀದರ್, ಯಾದಗಿರಿ: ಮೂರು ಕೋಟೆ, ಮೂರು ಕಲ್ಲು

ಗಡಿ ಜಿಲ್ಲೆಗಳ ಕೋಟೆ ನೋಡಲು ಹೊರಟವರಲ್ಲಿ ಬಹಳ ಮಂದಿ ಹೈದರಾಬಾದ್ ಕಡೆಯಿಂದ ಬಂದು ಮೊದಲು ಬೀದರಿಗೆ ಇಳಿಯುತ್ತಾರೆ. ಅಲ್ಲಿಂದ ಕಲಬುರಗಿಗೆ ಬಂದು "ಇಷ್ಟೇನಾ?" ಅಂದು ಅರ್ಧ ಗಂಟೆಗೇ ಹೊರಬೀಳುತ್ತಾರೆ. ಬೀದರಿನ ವೈಭವ ನೋಡಿ ಬಂದ ಕಣ್ಣಿಗೆ ಕಲಬುರಗಿ ಸಪ್ಪೆ ಕಾಣುವುದು ಸಹಜ. 1347ರಲ್ಲಿ ಶುರುವಾದ ಬಹಮನಿ ಆಳ್ವಿಕೆ ಮೊದಲು ನೆಲೆ ನಿಂತದ್ದು ಕಲಬುರಗಿಯಲ್ಲಿ. ರಾಜಧಾನಿ ಬೀದರಿಗೆ ಹೋದದ್ದು ಮುಂದಿನ ಶತಮಾನದಲ್ಲಿ, ಅಹಮದ್ ಶಾಹನ ಕಾಲಕ್ಕೆ. ನೋಡುವುದೂ ಅದೇ ಕ್ರಮದಲ್ಲಾದರೆ ಎರಡೂ ಊರು ಅರ್ಥವಾಗುತ್ತವೆ.

ಕಲಬುರಗಿ ಕೋಟೆಗೆ ಹೋಗುವುದು ಮುಖ್ಯವಾಗಿ ಒಂದೇ ಕಟ್ಟಡಕ್ಕಾಗಿ: 1367ರ ಜಾಮಿಯಾ ಮಸೀದಿ. ಮಸೀದಿ ಎಂದರೆ ನಡುವೆ ತೆರೆದ ಅಂಗಳ ಇರುವುದು ವಾಡಿಕೆ. ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಮೇಲ್ಛಾವಣಿ. ಪಶ್ಚಿಮಕ್ಕೆ ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ಉಳಿದ ಜಾಗವೆಲ್ಲ ಸಣ್ಣ ಗುಮ್ಮಟಗಳು. ಬೆಳಕು ಬರುವುದು ಹೆಚ್ಚಾಗಿ ಅಕ್ಕಪಕ್ಕದ ಕಮಾನುಗಳಿಂದ. ಹಾಗಾಗಿ ಸೂರ್ಯ ತಗ್ಗಿನಲ್ಲಿರುವ ಬೆಳಗಿನ ಹೊತ್ತೇ ಸರಿ, ಪೂರ್ವದ ಬಿಸಿಲು ಕಂಬಗಳ ಸಾಲಿನೊಳಗೆ ದೂರದವರೆಗೆ ನುಗ್ಗುತ್ತದೆ. ಮಧ್ಯಾಹ್ನ ಒಳಗೆ ತಂಪಿದ್ದರೂ ಆಳ ಕಾಣುವುದಿಲ್ಲ, ಫೋಟೊದಲ್ಲಿ ಕಂಬಗಳೆಲ್ಲ ಒಂದಕ್ಕೊಂದು ಅಂಟಿಕೊಂಡಂತೆ ಬರುತ್ತವೆ. ಸುತ್ತಲಿನ ಸಾಲಿನ ಕಮಾನುಗಳನ್ನು ಗಮನಿಸಿ: ಅಗಲ ಬಹಳ, ಆದರೆ ಕಮಾನು ಏಳುವ ಜಾಗ ನೆಲಕ್ಕೆ ತೀರಾ ಹತ್ತಿರ. ಇಂಥದ್ದು ಬೀದರಿನಲ್ಲಿ ಸಿಗುವುದಿಲ್ಲ. ಕೋಟೆಯ ಮೇಲಿನ ಫಿರಂಗಿ, ಬಾರಾ ಗಜಿ ತೋಪು, 29 ಅಡಿ ಉದ್ದ. ಬಿಸಿಲೇರಿದ ಮೇಲೆ ಹೋದರೆ ಮಕ್ಕಳು ಅದನ್ನು ಮುಟ್ಟದಂತೆ ನೋಡಿಕೊಳ್ಳಿ, ಕೈ ಚುರುಕ್ ಅನ್ನುತ್ತದೆ. ಕೋಟೆಗೆ ಎರಡು ಗಂಟೆ ಸಾಕು. ಉಳಿದ ಹೊತ್ತು ಬಹಮನಿ ಮನೆತನದ ಗೋರಿಗಳಿರುವ ಹಫ್ತ್ ಗುಂಬಜ್ ಮತ್ತು ಸೂಫಿ ಸಂತ ಖಾಜಾ ಬಂದೇನವಾಜ್ ದರ್ಗಾಕ್ಕೆ ಇಟ್ಟುಕೊಳ್ಳಿ.

ಬೀದರಿನಲ್ಲಿ ಎರಡು ಗಂಟೆಗೆ ಅರ್ಧ ಕೋಟೆಯೂ ಮುಗಿಯುವುದಿಲ್ಲ. ಇಲ್ಲಿ ಮೊದಲು ನೋಡಬೇಕಾದ್ದು ಅರಮನೆಯಲ್ಲ, ಕಂದಕ. ಜಂಬಿಟ್ಟಿಗೆ ಕಲ್ಲು ಅಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ನಡುವೆ ಬಂಡೆಯ ಗೋಡೆ ಉಳಿಸಿ, ಒಂದರ ಪಕ್ಕ ಒಂದರಂತೆ ಮೂರು ಕಂದಕ ಕಡೆಯಲು ಸಾಧ್ಯವಾಯಿತು. ಅವಸರದವರು ಗಾಡಿಯಲ್ಲೇ ಕುಳಿತು ಸೇತುವೆ ದಾಟಿ ಇದನ್ನು ತಪ್ಪಿಸಿಕೊಳ್ಳುತ್ತಾರೆ. ಇಳಿದು ಬಗ್ಗಿ ನೋಡಿ.

ಒಳಗೆ ಹೋದ ಕೂಡಲೇ ರಂಗೀನ್ ಮಹಲ್ ವಿಚಾರಿಸಿ. ಬೀಗ ಹಾಕಿರುವುದೇ ಹೆಚ್ಚು. ಹತ್ತಿರದ ವಸ್ತುಸಂಗ್ರಹಾಲಯದಲ್ಲಿ ಕೇಳಿ ಸಿಬ್ಬಂದಿಯನ್ನು ಕರೆತರಬೇಕು, ಊಟದ ಹೊತ್ತಿಗೆ ಹೋದರೆ ಕಾಯಿಸುತ್ತಾರೆ. ಕೆತ್ತಿದ ಮರದ ಕಂಬಗಳು, ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಇರುವುದು ಇಲ್ಲೇ. ಕೋಣೆಗಳು ಚಿಕ್ಕವು, ಹತ್ತು ಜನ ಒಟ್ಟಿಗೆ ನುಗ್ಗಿದರೆ ಯಾರಿಗೂ ಏನೂ ಕಾಣುವುದಿಲ್ಲ. ಆಮೇಲೆ ಸೋಲಾ ಖಂಬ ಮಸೀದಿ, ತಖ್ತ್ ಮಹಲಿನ ಹುಲಿ ಮತ್ತು ಸೂರ್ಯನ ಹೆಂಚು, ಕೊನೆಗೆ ಬುರುಜು. ಮಳೆಗಾಲದಲ್ಲಿ ಈ ಕಲ್ಲಿಗೆ ಪಾಚಿ ಹತ್ತುತ್ತದೆ, ಬುರುಜಿನ ಮೆಟ್ಟಿಲಲ್ಲಿ ನುಣುಪು ಅಡಿಯ ಚಪ್ಪಲಿ ಬೇಡವೇ ಬೇಡ.

ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಕೋಟೆಯ ಹೊರಗೆ, ಊರಲ್ಲಿದೆ. 1472ರದ್ದು. 1696ರಲ್ಲಿ ಮದ್ದು ಸಿಡಿದು ಮುಂಭಾಗದ ಅರ್ಧ ಹೋಯಿತು, ಒಂದು ಮಿನಾರು ಮಾತ್ರ ಉಳಿದಿದೆ. ಬೀದರಿನ ಹೊರಗೆ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳಿಗೆ, ಅಂದರೆ ಗುಂಬಜ್‌ಗಳಿಗೆ, ಆಟೊ ಹಿಡಿಯುವಾಗ ಹೋಗಿ, ಕಾದು, ವಾಪಸ್ ಬರುವುದಕ್ಕೆ ಸೇರಿಸಿಯೇ ಬಾಡಿಗೆ ಮಾತಾಡಿ, ಅಲ್ಲಿ ಖಾಲಿ ಆಟೊ ಸಿಗುವುದು ಕಷ್ಟ. ಅಹಮದ್ ಶಾಹ್ ವಲಿಯ ಗುಂಬಜ್ ಒಳಗಿನ ಚಿತ್ರಗಳಿಗೆ ಮೊಬೈಲ್ ಬೆಳಕು ಸಾಲದು, ದೊಡ್ಡ ಬ್ಯಾಟರಿ ಒಯ್ಯಿರಿ. ಇದೇ ಸುಲ್ತಾನನನ್ನು ಅಲ್ಲಮಪ್ರಭು ಎಂದು ನಂಬಿ ನಡೆಯುವ ಜಾತ್ರೆಗೆ ಮಾಡ್ಯಾಳದ ಜಂಗಮರು ಬರುತ್ತಾರೆ. ದಿನ ಹೊಂದಿಕೆಯಾದರೆ ನಮ್ಮ ಮತ ಜಾತ್ರೆಯ ದಿನಕ್ಕೇ, ಚಿತ್ರ ಸರಿಯಾಗಿ ಕಾಣದಿದ್ದರೂ ಪರವಾಗಿಲ್ಲ.

ಯಾದಗಿರಿಯದ್ದು ಬೇರೆಯೇ ಲೆಕ್ಕ. ಅಲ್ಲಿ ಅರಮನೆ ಹುಡುಕಬೇಡಿ. ಊರ ಮಧ್ಯದ ಗ್ರಾನೈಟ್ ಗುಡ್ಡವೇ ಕೋಟೆ, ಬಂಡೆ ಇರುವಲ್ಲಿ ಗೋಡೆ ಕಟ್ಟುವ ಶ್ರಮ ಉಳಿದಿದೆ. ನೆರಳು ಬಹಳ ಕಡಿಮೆ. ಬೇಸಿಗೆಯಲ್ಲಿ ಒಂಬತ್ತರೊಳಗೆ ಇಳಿದಿರಬೇಕು, ಬಂಡೆ ಕಾದ ಮೇಲೆ ಬಿಸಿ ಮೇಲಿಂದಲೂ ಕೆಳಗಿಂದಲೂ ಬರುತ್ತದೆ. ತಲೆಗೆ ಎರಡು ಲೀಟರ್ ನೀರು ಕೆಳಗಿನಿಂದಲೇ ಹೊತ್ತುಕೊಂಡು ಹೋಗಿ. ಇತಿಹಾಸ ಓದಲು ಬೀದರ್, ಕಾಲಿಗೆ ಕೆಲಸ ಕೊಡಲು ಯಾದಗಿರಿ. ಮೊಣಕಾಲು ನೋವಿರುವ ಹಿರಿಯರು ಜೊತೆಗಿದ್ದರೆ ಇದನ್ನು ಬಿಟ್ಟು ಕಲಬುರಗಿಯಲ್ಲೇ ಇನ್ನೊಂದು ಬೆಳಗು ಕಳೆಯಿರಿ.

ಕಲಬುರಗಿ–ಬೀದರ್ ನಡುವೆ 2017ರಿಂದ ನೇರ ರೈಲು ಮಾರ್ಗ ಇದೆ, ಸುಮಾರು 110 ಕಿ.ಮೀ. ರೈಲಿನ ವೇಳೆ ಹೊಂದದಿದ್ದರೆ ಹುಮನಾಬಾದ್ ಮೇಲಿನ ಬಸ್ಸು ಹಿಡಿಯಿರಿ. ಹಿಂದಿನ ರಾತ್ರಿಯೇ ಬೀದರ್ ಸೇರಿ ಮಲಗುವುದು ಒಳ್ಳೆಯದು. ಬೆಳಿಗ್ಗೆ ಕಲಬುರಗಿ ಬಿಟ್ಟರೆ ಕೋಟೆ ಬಾಗಿಲಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಏರಿರುತ್ತದೆ.